ರೆಸ್ಯುಪಿನೇಟ್ ಎಂಬ ಪದ ಮತ್ತು ವರ್ಡ್‌ನಿಕ್ ನಿಘಂಟು

ಗಿಡಮರಗಳ ಕುರಿತ ಇಂಗ್ಲಿಷ್ ಬರಹಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ವರ್ಡ್‌ನಿಕ್ ಎಂಬ ಇಂಗ್ಲಿಷ್ ನಿಘಂಟಿನ ಜಾಲತಾಣ ಹೇಗಿದೆ ಎಂದು ಕೇಳಿದವರಿಗೆಲ್ಲ 'ರೆಸ್ಯುಪಿನೇಟ್' (resupinate) ಪದವನ್ನು ಅಲ್ಲಿ ಹುಡುಕಿ ನೋಡಿ ಅನ್ನುತ್ತೇನೆ.

ಫೋನಿನಲ್ಲಿರುವ ಬೇರೊಂದು ನಿಘಂಟು ಆ್ಯಪ್ ಇದಕ್ಕೆ 'ತಲೆಕೆಳಗಾದ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅದನ್ನೇ ನಂಬಿ ಮಗುಚಿದ ದೋಣಿಗೋ ಬೋರಲು ಹಾಕಿದ ಬಟ್ಟಲಿಗೋ ಈ ಪದ ಹಚ್ಚಿದರೆ ಇಂಗ್ಲಿಷ್ ಬಲ್ಲವರೂ ತಬ್ಬಿಬ್ಬಾಗುತ್ತಾರೆ. ಸಸ್ಯಗಳ, ಅಣಬೆಗಳ ವಿವರಣೆಯ ಆಚೆ ಇದು ಕಾಣಿಸುವುದೇ ಅಪರೂಪ.

ವರ್ಡ್‌ನಿಕ್‌ನಲ್ಲಿ ಹಲವು ನಿಘಂಟುಗಳ ಅರ್ಥಗಳು ಒಂದೇ ಪುಟದಲ್ಲಿ ಸಿಗುತ್ತವೆ. ಅಮೆರಿಕನ್ ಹೆರಿಟೇಜ್ ನಿಘಂಟು ಅರ್ಥ ಹೇಳುವಾಗಲೇ ಆರ್ಕಿಡ್ ಹೂವನ್ನು ಹೆಸರಿಸುತ್ತದೆ. ಅಲ್ಲಿಗೆ ದಾರಿ ತೆರೆದಂತೆಯೇ. ಆರ್ಕಿಡ್ ಮೊಗ್ಗಿನಲ್ಲಿ ತುಟಿಯೆಂದು ಕರೆಯುವ ಎಸಳು ಮೇಲ್ಗಡೆ ಇರುತ್ತದೆ. ಅರಳುವ ಹೊತ್ತಿಗೆ ತೊಟ್ಟು, ಅಂಡಾಶಯ ಮೆಲ್ಲಗೆ 180 ಡಿಗ್ರಿ ತಿರುಚಿಕೊಂಡು ಆ ಎಸಳು ಕೆಳಗೆ ಬರುತ್ತದೆ, ಕೀಟಕ್ಕೆ ಕಾಲೂರಲು ಜಾಗವಾಗುತ್ತದೆ. ಹಲವು ಜಾತಿಗಳಲ್ಲಿ ಹೂವಿನ ಹಿಂಬದಿಗೆ ಭೂತಗನ್ನಡಿ ಹಿಡಿದರೆ ಅಂಡಾಶಯದ ಗೆರೆಗಳು ಹಗ್ಗದ ಹುರಿಯಂತೆ ಸುತ್ತಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು! ಅಂದರೆ ನಮ್ಮ ಕಣ್ಣಿಗೆ ನೆಟ್ಟಗೆ ಕಾಣುವ ಹೂವೇ ರೆಸ್ಯುಪಿನೇಟ್. ಕ್ಯಾಲೊಪೊಗಾನ್‌ನಂಥ ಆರ್ಕಿಡ್‌ನಲ್ಲಿ ತುಟಿ ಮೇಲೆಯೇ ಉಳಿಯುತ್ತದೆ; ನೋಡುವವರಿಗೆ ಉಲ್ಟಾ ಅನ್ನಿಸುವ ಆ ಹೂವು ನಾನ್-ರೆಸ್ಯುಪಿನೇಟ್. ಬೆಳೆಯುತ್ತ ತಿರುಗಿದೆಯೇ ಎಂಬುದು ಇಲ್ಲಿ ಮುಖ್ಯ, ಕೊನೆಗೆ ಹೇಗೆ ಕಾಣುತ್ತದೆ ಎಂಬುದಲ್ಲ. ಒಂದು ಸಾಲಿನ ಅರ್ಥದಿಂದ ಇದು ಹೊಳೆಯುವುದು ಕಷ್ಟ.

ಅಣಬೆಗಳ ಲೋಕದಲ್ಲಿ ಅರ್ಥ ಬೇರೆ. ಕೊಡೆಯಿಲ್ಲದೆ, ಕೊರಡಿಗೆ ಚಪ್ಪಟೆಯಾಗಿ ಅಂಟಿ, ಬೀಜಾಣು ಬಿಡುವ ಮೈಯನ್ನು ಹೊರಕ್ಕೆ ತೋರುವ ಶಿಲೀಂಧ್ರ ಅದು. ಲ್ಯಾಟಿನ್ನಿನ 'ಸುಪಿನಸ್' ಎಂದರೆ ಅಂಗಾತ. ಹಾಗಾಗಿ ಇಲ್ಲಿ 'ಅಂಗಾತ ಬೆಳೆಯುವ' ಎಂದೇ ಬರೆಯುತ್ತೇನೆ. ಹೂವಿಗಾದರೆ 'ತಿರುಚಿ ತಲೆಕೆಳಗಾದ' ಅನ್ನುತ್ತೇನೆ.

ಪದ ಬಳಕೆಯಾದ ವಾಕ್ಯಗಳನ್ನು ಅವುಗಳ ಮೂಲದ ಸಮೇತ ಕೊಡುವುದು ಈ ತಾಣದ ದೊಡ್ಡ ಬಲ. ನಿಘಂಟುಕಾರ್ತಿ ಎರಿನ್ ಮೆಕೀನ್ ಮತ್ತು ಸಂಗಡಿಗರು 2009ರಲ್ಲಿ ಶುರು ಮಾಡಿದ್ದು, ಬಳಕೆಗೆ ದುಡ್ಡು ಕೊಡಬೇಕಿಲ್ಲ. 1889ರಿಂದ 1891ರ ನಡುವೆ ಮೊದಲು ಅಚ್ಚಾದ ಸೆಂಚುರಿ ನಿಘಂಟಿನ ಅರ್ಥಗಳೂ ಇದರಲ್ಲಿವೆ. ಹಳೆಯ ವೈಜ್ಞಾನಿಕ ಪದಗಳಿಗೆ ಅದರಷ್ಟು ನೆರವಾಗುವುದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗಳನ್ನು ಹೆಕ್ಕುವುದು ತಂತ್ರಾಂಶ, ಸಂಪಾದಕರಲ್ಲ. ಹಾಗಾಗಿ ಯಾವ ವಾಕ್ಯ ಹೂವಿನದು, ಯಾವುದು ಅಣಬೆಯದು ಎಂದು ನಾವೇ ನೋಡಿಕೊಳ್ಳಬೇಕು. ಕನ್ನಡ ಅರ್ಥ ಅಲ್ಲಿ ಸಿಗದು. ಅವಸರದಲ್ಲಿ ಒಂದೇ ಪದದ ಉತ್ತರ ಬೇಕಾದವರಿಗೆ ಇದು ಹೊರೆಯೆನಿಸಬಹುದು. ಆದರೆ ಅನುವಾದಕರು, ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ತಪ್ಪದೆ ಬಳಸಿ.