ಬೆಂಗಳೂರು–ನರಿಟಾ ನೇರ ವಿಮಾನ: ಹೋಗುವಾಗ ಎಂಟು ಗಂಟೆ, ಬರುವಾಗ ಹತ್ತರ ಹತ್ತಿರ

ಬೆಂಗಳೂರಿನಿಂದ ಟೋಕಿಯೊದ ನರಿಟಾ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 6,700 ಕಿ.ಮೀ. ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 787 ಇದನ್ನು ಎಲ್ಲೂ ಇಳಿಯದೆ ಹಾರುತ್ತದೆ. ಬಿಡದಿಯ ಟೊಯೋಟ ಕಾರ್ಖಾನೆಗೆ ಓಡಾಡುವವರಿಂದ ಹಿಡಿದು ಜಪಾನಿನಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರವರೆಗೆ, ಬೇರೆ ಬೇರೆ ಥರದ ಜನಕ್ಕೆ ಬೇಕಾದ ವಿಮಾನ ಇದು.

ಹೋಗುವಾಗ ಸುಮಾರು 8 ಗಂಟೆ ಹಿಡಿಯುತ್ತದೆ. ಬರುವಾಗ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂ ಆದೀತು. ಕಾರಣ ಜೆಟ್ ಸ್ಟ್ರೀಮ್: ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಮೇಲಿನ ಗಾಳಿ ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ 300 ಕಿ.ಮೀ. ದಾಟುವುದುಂಟು. ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರು ನಿಲ್ಲುತ್ತದೆ. ಜನವರಿಯಲ್ಲಿ ಹಿಂತಿರುಗುವವರು ಬೆಂಗಳೂರಲ್ಲಿ ಇಳಿದ ಕೂಡಲೇ ಬೇರೆ ವಿಮಾನವನ್ನೋ ರೈಲನ್ನೋ ಹಿಡಿಯುವ ಲೆಕ್ಕ ಹಾಕಬಾರದು.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಳಗಿನ ಜಾವ ಎರಡೂವರೆಗೆ ಹೊರಟ ವಿಮಾನ ಎಂಟು ಗಂಟೆ ಹಾರಿದರೆ ಅಲ್ಲಿ ಮಧ್ಯಾಹ್ನ 2. ಟಿಕೆಟ್ ಮೇಲಿನ ಎರಡು ಸಮಯಗಳ ನಡುವೆ ಹನ್ನೊಂದೂವರೆ ಗಂಟೆ ಕಂಡು ಗಾಬರಿಯಾಗಬೇಡಿ.

ಈ ವಿಮಾನದ ದೊಡ್ಡ ಗುಣ ಸೀಟು. ಬಹುತೇಕ ಕಂಪನಿಗಳು 787ರ ಎಕಾನಮಿಯಲ್ಲಿ 3-3-3 ಎಂದು ಒಂಬತ್ತು ಸೀಟು ತುರುಕುತ್ತವೆ. ಜಪಾನ್ ಏರ್‌ಲೈನ್ಸ್‌ನದು 2-4-2, ಅಂದರೆ ಸಾಲಿಗೆ ಎಂಟೇ. ಮೊಣಕೈಗೆ ಸಿಗುವ ಜಾಗ ನಾಲ್ಕನೇ ಗಂಟೆಯ ಹೊತ್ತಿಗೆ ಅರ್ಥವಾಗುತ್ತದೆ. ಗಂಡ ಹೆಂಡತಿ ಹೊರಟಿದ್ದರೆ ಕಿಟಕಿ ಬದಿಯ ಜೋಡಿ ಸೀಟನ್ನೇ ಹಿಡಿಯಿರಿ.

ಊಟದಲ್ಲಿ ಎಚ್ಚರ ಬೇಕು. ಜಪಾನಿ ಅಡುಗೆಯ ಸಾರಿಗೆ, ಸಾಸಿಗೆ ಮೀನಿನ ದಾಶಿ, ಅಂದರೆ ಮೀನಿನಿಂದ ತೆಗೆದ ರಸ, ಬೀಳುವುದು ಮಾಮೂಲು, ಮೇಲೆ ತರಕಾರಿ ಮಾತ್ರ ಕಂಡರೂ ನಂಬುವಂತಿಲ್ಲ. ಸಸ್ಯಾಹಾರಿಗಳು ಒಂದೆರಡು ದಿನ ಮುಂಚೆಯೇ ವಿಶೇಷ ಊಟ ಹೇಳಿಡಬೇಕು. ಊಟ ಆರಿಸುವಾಗ ಕಾಣುವ ಸಂಕೇತಗಳಲ್ಲಿ ಏವಿಎಂಎಲ್ (AVML) ಎಂದರೆ ಭಾರತೀಯ ಶೈಲಿಯ ಸಸ್ಯಾಹಾರ. ವಿಜಿಎಂಎಲ್ (VGML) ಒತ್ತಿದರೆ ಹಾಲು, ಮೊಸರು, ಬೆಣ್ಣೆ ಯಾವುದೂ ಇರುವುದಿಲ್ಲ. ಹೋಗುವುದಕ್ಕೆ, ಬರುವುದಕ್ಕೆ ಎರಡಕ್ಕೂ ಬೇರೆ ಬೇರೆಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ.

ಎಕಾನಮಿಯಲ್ಲಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆಗೆ ಅವಕಾಶವಿದೆ. ಜಾಗವಿದೆಯೆಂದು ಹಸಿ ಕರಿಬೇವು, ಮಾವಿನಹಣ್ಣು ತುಂಬಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಹಸಿ ಸೊಪ್ಪು, ಹಣ್ಣು, ತರಕಾರಿಯನ್ನು ಜಪಾನ್ ಒಳಗೆ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಅದನ್ನೂ ತಲೆ ಮೇಲಿನ ಕಪಾಟಿನಲ್ಲಿಡದೆ ಹತ್ತಿರವೇ ಇಟ್ಟುಕೊಳ್ಳಬೇಕು.

ನೇರ ಟಿಕೆಟ್ ದುಬಾರಿಯೆನಿಸಿದರೆ? ಸಿಂಗಪುರದ ಮೇಲೆ ಹೋದರೆ ಒಟ್ಟು 8,500 ಕಿ.ಮೀ., ಅಂದರೆ 1,800 ಹೆಚ್ಚು. ಬ್ಯಾಂಕಾಕ್ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ: ಒಟ್ಟು 7,150 ಕಿ.ಮೀ. ಕಾಯುವ ಹೊತ್ತು ಎರಡು ಮೂರು ಗಂಟೆಯಷ್ಟೇ ಆದರೆ ಬ್ಯಾಂಕಾಕ್ ಒಳ್ಳೆಯ ಆಯ್ಕೆ. ಆದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ ಲಗೇಜನ್ನು ನಡುವೆ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ಟಿನ ಖರ್ಚು ನಿಮ್ಮದೇ. ವಯಸ್ಸಾದವರಿಗೆ ಮಾತ್ರ ನೇರ ವಿಮಾನವನ್ನೇ ಕೊಡಿಸಿ.

ನರಿಟಾ ಟೋಕಿಯೊ ನಗರದಿಂದ 60 ಕಿ.ಮೀ. ಆಚೆಗಿದೆ. ಟೋಕಿಯೊ ಸ್ಟೇಷನ್ನಿಗೆ ನರಿಟಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಒಂದು ಗಂಟೆ. ನಗರದ ಉಎನೊ ಕಡೆ ಹೋಗುವವರಿಗೆ ಸ್ಕೈಲೈನರ್ ರೈಲು ಬೇಗ, 40 ನಿಮಿಷ ಸಾಕು.