ಸಾರಿನ ಪುಡಿ ಹುರಿಯಲು ಬಾಷ್ ಬಿಎಂಇ688 ಕಿಟ್: ಆರು ತಿಂಗಳು ಬಳಸಿದ ಮೇಲೆ

2021ರ ಮೇ ತಿಂಗಳಲ್ಲಿ ಕೊರೊನಾ ಬಂದು ಹೋಯಿತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಮಲ್ಲಿಗೆ, ಫಿಲ್ಟರ್ ಕಾಫಿ, ತಳ ಹಿಡಿದ ಹಾಲು ಎಲ್ಲ ಒಂದೇ ಆಯಿತು. ಬೇರೆಯವರಿಗೆ ಇದು ಬೇಸರದ ಸಂಗತಿ, ನನಗೆ ಹೊಟ್ಟೆಪಾಡಿನ ಪ್ರಶ್ನೆ. ಮೈಸೂರಿನ ನಮ್ಮ ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುತ್ತೇನೆ. ಹುರಿಯುವುದೆಂದರೆ ಅರ್ಧ ಕಣ್ಣಿನ ಕೆಲಸ, ಅರ್ಧ ಮೂಗಿನ ಕೆಲಸ. ತಮಾಷೆ ಅಂದರೆ, ಬ್ಯಾಡಗಿ ಮೆಣಸಿನಕಾಯಿ ಬಾಣಲೆಗೆ ಬಿದ್ದರೆ ನನಗೆ ಈಗಲೂ ಕೆಮ್ಮು ಬರುತ್ತದೆ. ಘಾಟು ವಾಸನೆಯ ಲೆಕ್ಕಕ್ಕೇ ಬರುವುದಿಲ್ಲ, ಅದು ಉರಿ. ಅದನ್ನು ಒಯ್ಯುವ ನರವೇ ಬೇರೆ. ಮೂಗು ಸತ್ತರೂ ಘಾಟು ಸಾಯಲಿಲ್ಲ.

ಇಂಜಿನಿಯರಿಂಗ್ ಓದುವ ಮಗ ಒಂದು ದಿನ, "ಅಮ್ಮ, ವಾಸನೆ ಕಲಿಸಬಹುದಾದ ಚಿಪ್ ಇದೆ, ತರಿಸಲಾ?" ಅಂದ. ಅದೇ ಈ ಬಾಷ್ ಕಂಪನಿಯ ಬಿಎಂಇ688 ಎಂಬ ವಾಸನೆ ಸೆನ್ಸರ್‌ನ ಕಿಟ್. ಒಂದು ಒಳ್ಳೆಯ ಮಿಕ್ಸಿಯ ದುಡ್ಡು ಹೋಯಿತು. ಮಾರಿದ ಅಂಗಡಿಯವರು ಮೆಮೊರಿ ಕಾರ್ಡ್ ಇಟ್ಟಿರಲಿಲ್ಲ, ಬೋರ್ಡಿನೊಳಗಿನ ಗಡಿಯಾರಕ್ಕೆ ಬೇಕಾದ ಗುಂಡಿ ಬ್ಯಾಟರಿಯನ್ನೂ ಇಟ್ಟಿರಲಿಲ್ಲ. ಫೋನ್ ಮಾಡಿದರೆ, "ಅದು ನೀವೇ ತಗೋಬೇಕು ಮೇಡಂ" ಎಂಬ ಉತ್ತರ. ಮೊದಲೇ ಹೇಳಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಬೋರ್ಡಿನ ಮೇಲೆ ಎಂಟು ಸೆನ್ಸರ್‌ಗಳಿವೆ. ಒಂದೊಂದೂ 3 ಮಿಲಿಮೀಟರ್ ಚೌಕ, ಕೊತ್ತಂಬರಿ ಬೀಜದಷ್ಟೇ. ಕೆಳಗೆ ಅವನ್ನು ನಡೆಸುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್. ಸೆನ್ಸರ್‌ನ ಒಳಗೆ ಲೋಹದ ಆಕ್ಸೈಡಿನ ತೆಳು ಪದರವೊಂದು ಕಾಯುತ್ತಿರುತ್ತದೆ. ಗಾಳಿಯ ಆಮ್ಲಜನಕ ಅದರ ಮೇಲೆ ಕೂತು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುರಿದ ಸಾಮಾನಿನ ಆವಿ ಬಂದು ಆ ಆಮ್ಲಜನಕವನ್ನು ಖರ್ಚು ಮಾಡಿದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಪದರದ ವಿದ್ಯುತ್ ರೋಧ ಇಳಿಯುತ್ತದೆ. ನಾನು ಬಿಎಸ್‌ಸಿಯಲ್ಲಿ ರಸಾಯನಶಾಸ್ತ್ರ ಓದಿದ್ದು ಇಲ್ಲಿ ಮಾತ್ರ ಕೆಲಸಕ್ಕೆ ಬಂತು. ರೋಧ ಒಂದೇ ಆದರೆ ಎಲ್ಲ ಆವಿಯೂ ಒಂದೇ ಥರ ಕಾಣುತ್ತದೆ. ಅದಕ್ಕೇ ಪದರವನ್ನು 100ರಿಂದ 320 ಡಿಗ್ರಿವರೆಗೆ ಹತ್ತು ಹಂತಗಳಲ್ಲಿ ಏರಿಳಿಸಿ ಕಾಯಿಸುತ್ತಾರೆ. ಯಾವ ಉರಿಗೆ ಎಷ್ಟು ಇಳಿಯಿತು ಎಂಬ ಹತ್ತು ಅಂಕಿಗಳೇ ಆ ವಾಸನೆಯ ಹಸ್ತಾಕ್ಷರ. ಒಂದು ಸುತ್ತಿಗೆ ಸುಮಾರು 11 ಸೆಕೆಂಡ್. ಈ 11 ಸೆಕೆಂಡ್ ನೆನಪಿಟ್ಟುಕೊಳ್ಳಿ, ಜಗಳ ಇರುವುದು ಅಲ್ಲೇ.

ಇದಕ್ಕೆ ನಾಲ್ಕು ವರ್ಗಗಳನ್ನು ಕಲಿಸಬಹುದು, ಹೆಚ್ಚಿಲ್ಲ. ನನಗೆ ಬೇಕಿದ್ದೂ ನಾಲ್ಕೇ: ಬರೀ ಗಾಳಿ, ಹಸಿ, ಹದ, ಸೀದದ್ದು. ಆದರೆ ಯಾವುದು ಹದ ಅಂತ ಹೇಳುವವರು ಯಾರು? ನನಗೆ ಮೂಗಿಲ್ಲ. ಅತ್ತೆಯವರನ್ನು ಸ್ಟೂಲ್ ಹಾಕಿ ಕೂರಿಸಿದೆ. ಅವರಿಗೆ 78. ಹಸಿ ವಾಸನೆ ಹೋದ ಕ್ಷಣಕ್ಕೆ "ಹ್ಞೂ, ಈಗ" ಅನ್ನುತ್ತಿದ್ದರು, ನಾನು ಬೋರ್ಡಿನ ಗುಂಡಿ ಒತ್ತಿ ಗುರುತು ಹಾಕುತ್ತಿದ್ದೆ. ಸೀದದ್ದನ್ನು ಕಲಿಸಲು ಬೇಕೆಂದೇ ಕೊತ್ತಂಬರಿ ಸೀಯಿಸಿದಾಗ ಅವರಿಗೆ ಸಂಕಟ. "ಅನ್ನಪೂರ್ಣೇಶ್ವರಿಗೆ ಅವಮಾನ ಕಣೇ ಇದು" ಅಂತ ಎದ್ದು ಹೋಗಿಬಿಟ್ಟರು. ಮಾರನೇ ದಿನ ಹಳೇ ದಾಸ್ತಾನಿನ, ಹುಳ ಹಿಡಿದ ಬೀಜ ತಂದು ರಾಜಿಯಾದೆವು.

ಕಾರ್ಡಿನಲ್ಲಿದ್ದ ದಾಖಲೆಗಳನ್ನು ಲ್ಯಾಪ್‌ಟಾಪಿನಲ್ಲಿ ಬಾಷ್‌ನವರದೇ ತಂತ್ರಾಂಶವಾದ ಬಿಎಂಇ ಎಐ ಸ್ಟುಡಿಯೋಗೆ ಹಾಕಿ ತರಬೇತಿ ಕೊಟ್ಟರೆ ಕೊನೆಗೊಂದು ಕೋಷ್ಟಕ ಬರುತ್ತದೆ: ನಿಜವಾಗಿ ಏನಿತ್ತು, ಯಂತ್ರ ಏನೆಂದಿತು. ಮೊದಲ ಸಲವೇ ಹೆಚ್ಚುಕಮ್ಮಿ ನೂರಕ್ಕೆ ನೂರು. ಮಗ ಕುಣಿದ. ಮರುವಾರ ಒಲೆಯ ಪಕ್ಕ ಇಟ್ಟರೆ, ಹಸಿ ಬೀಜಕ್ಕೂ "ಹದ" ಅಂದಿತು!

ತಪ್ಪು ನಮ್ಮದೇ. ಹದದ ದಾಖಲೆಗಳನ್ನೆಲ್ಲ ಬಿಸಿಲಿನ ಬೆಳಿಗ್ಗೆ ತೆಗೆದಿದ್ದೆವು, ಹಸಿಯದನ್ನೆಲ್ಲ ಮಳೆ ಹಿಡಿದ ಸಂಜೆ. ಈ ಸೆನ್ಸರ್‌ಗೆ ತೇವವೂ ತಿಳಿಯುತ್ತದೆ. ಅದು ಕಲಿತದ್ದು ಕೊತ್ತಂಬರಿಯನ್ನಲ್ಲ, ಮಳೆಯನ್ನು! ಎಲ್ಲ ವರ್ಗವನ್ನೂ ಎಲ್ಲ ಹೊತ್ತಿನಲ್ಲೂ ಮತ್ತೆ ದಾಖಲಿಸಬೇಕಾಯಿತು. ಕುಕ್ಕರ್ ಕೂಗುವಾಗ ಒಮ್ಮೆ, ನೆಲಕ್ಕೆ ಫಿನೈಲ್ ಹಾಕಿದಾಗ ಒಮ್ಮೆ. ದೇವರ ಮನೆಯ ಊದುಬತ್ತಿಯನ್ನು ಅದು ಖಂಡಿತವಾಗಿ "ಸೀದದ್ದು" ಅನ್ನುತ್ತಿತ್ತು. ಅತ್ತೆಯವರ ಮುಂದೆ ಇದನ್ನು ಹೇಳಲಿಲ್ಲ, ಸುಮ್ಮನೆ ಊದುಬತ್ತಿಯನ್ನೂ "ಬರೀ ಗಾಳಿ" ವರ್ಗಕ್ಕೆ ಸೇರಿಸಿದೆ. ಕೊಳ್ಳುವವರಿಗೆ ಒಂದೇ ಮಾತು: ಬರೀ ಗಾಳಿ ಎಂಬ ವರ್ಗಕ್ಕೇ ಹೆಚ್ಚು ದಿನ ಕೊಡಿ. ನಿಮ್ಮ ಅಡುಗೆಮನೆಯಲ್ಲಿ ಗಾಳಿ ಯಾವತ್ತೂ ಬರೀ ಗಾಳಿಯಲ್ಲ.

ಆರು ತಿಂಗಳಾದ ಮೇಲೆ ಈಗ ಹೇಗಿದೆ? ಕೊತ್ತಂಬರಿಗೆ ನಂಬಬಹುದು. ಸಣ್ಣ ಉರಿಯಲ್ಲಿ ನಿಧಾನಕ್ಕೆ ಹುರಿಯುವ ಸಾಮಾನು, ಯಂತ್ರಕ್ಕೆ ಮೂರು ನಾಲ್ಕು ಸುತ್ತು ಸಿಗುತ್ತದೆ. ಯಂತ್ರ ತೋರಿಸುವ "ಹದ"ದ ಸಾಧ್ಯತೆ ಶೇಕಡಾ 70 ದಾಟಿ ಎರಡು ಸುತ್ತು ನಿಂತರೆ ಇಳಿಸುತ್ತೇನೆ. ಜೀರಿಗೆ ಅಷ್ಟಕ್ಕಷ್ಟೆ. ಮೆಂತ್ಯಕ್ಕೆ ಆಗುವುದೇ ಇಲ್ಲ. ಮೆಂತ್ಯ ಹೊಂಬಣ್ಣದಿಂದ ಕಮಟು ಕಹಿಗೆ ಹೋಗಲು ಹತ್ತೆಣಿಸುವಷ್ಟು ಹೊತ್ತು ಸಾಕು, ಈ ಚಿಪ್ ಒಂದು ಸುತ್ತು ಮುಗಿಸಲು 11 ಸೆಕೆಂಡ್ ಬೇಕು. ಅದು "ಹದ" ಅನ್ನುವ ಹೊತ್ತಿಗೆ ಆ ಮೆಂತ್ಯ ಗೊಬ್ಬರದ ಗುಂಡಿಯಲ್ಲಿರುತ್ತದೆ. ಚಿಪ್‌ನ ತಪ್ಪೇನೂ ಅಲ್ಲ, ಮೆಂತ್ಯದ ಸ್ವಭಾವ.

ಇನ್ನೆರಡು ಮಾತು. ಎಣ್ಣೆ ಹೊಗೆಗೆ ನೇರ ಒಡ್ಡಬೇಡಿ. ನಾನು ಬಾಣಲೆಯಿಂದ ಎರಡು ಅಡಿ ದೂರ, ಒಂದೇ ಜಾಗದಲ್ಲಿ ಇಡುತ್ತೇನೆ. ಸಿಲಿಕೋನ್ ಆವಿ ಇಂಥ ಸೆನ್ಸರ್‌ಗಳಿಗೆ ವಿಷ, ಹತ್ತಿರದಲ್ಲಿ ಸೀಲೆಂಟ್ ಹಚ್ಚಬೇಡಿ. ಮತ್ತೆ, ನನ್ನಂತೆ ವಾಸನೆ ಕಳೆದುಕೊಂಡವರು ಇದನ್ನು ಸಿಲಿಂಡರ್ ಸೋರಿಕೆ ಪತ್ತೆಗೆ ನಂಬಿ ಕೂರಬೇಡಿ. ಅದಕ್ಕೆಂದೇ ಇರುವ ಅಲಾರಂ ಬೇರೆ ಸಿಗುತ್ತದೆ, ನಾನು ಅದನ್ನೇ ಮೊದಲು ಹಾಕಿಸಿದ್ದು.

ಹೋದ ವಾರ ಅತ್ತೆ ಹಾಸನಕ್ಕೆ, ಮಗಳ ಮನೆಗೆ ಹೋಗಿದ್ದರು. ನಾಲ್ಕು ಕೆಜಿ ಕೊತ್ತಂಬರಿಯನ್ನು ಯಂತ್ರ ನೋಡಿಕೊಂಡೇ ಹುರಿದೆ. ಮೆಂತ್ಯಕ್ಕೆ ಪಕ್ಕದ ಮನೆಯವರನ್ನು ಕರೆದೆ. ಅತ್ತೆ ಬಂದವರೇ ಡಬ್ಬಿ ತೆಗೆದು, ಚಿಟಿಕೆ ಪುಡಿ ಅಂಗೈಗೆ ಹಾಕಿ ಉಜ್ಜಿ ಮೂಸಿದರು.

"ಒಂದು ಗಳಿಗೆ ಮುಂಚೆ ಇಳಿಸಿದೀಯ. ಆದ್ರೂ ಪರವಾಗಿಲ್ಲ, ಕಳಿಸು."

ಕಳಿಸಿದೆ. ಐದಕ್ಕೆ ಮೂರೂವರೆ. ಮೆಂತ್ಯಕ್ಕೆ ಸೊನ್ನೆ.