ಪಂಪ್‌ಸೆಟ್ ಅಂಗಡಿಗೆ ವಿದ್ಯಾರ್ಥಿಗಳು ಮಾಡಿದ ಸಾಫ್ಟ್‌ವೇರ್: ಮಾಡಿಸಬಹುದು, ಆದರೆ ಮೆಂಟರ್ ಇರಲೇಬೇಕು

ಮಂಡ್ಯದಲ್ಲಿ ನಮ್ಮದು ಪಂಪ್‌ಸೆಟ್, ಪೈಪು, ವೈರು, ಸ್ಟಾರ್ಟರ್ ಮಾರುವ ಅಂಗಡಿ. ಪಕ್ಕದಲ್ಲೇ ಮೋಟಾರ್ ರಿವೈಂಡಿಂಗ್ ಕೂಡ ಇದೆ. ಮೈಸೂರಿನ ಒಂದು ತಂಡದವರು ಎಂಜಿನಿಯರಿಂಗ್, ಬಿಸಿಎ ಓದುವ ಮಕ್ಕಳನ್ನು ನಮ್ಮಂಥ ಸಣ್ಣ ವ್ಯಾಪಾರದವರ ಹತ್ತಿರ ಕಳಿಸಿ, ಮೇಲೊಬ್ಬ ಅನುಭವಸ್ಥ ಮೆಂಟರ್ ಇಟ್ಟು ಪ್ರಾಜೆಕ್ಟ್ ಮಾಡಿಸುತ್ತಾರೆ. ನಮಗೆ ಸ್ಟಾಕು ಮತ್ತೆ ಸಾಲದ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಬೇಕಿತ್ತು. ಮಾಡಿಕೊಟ್ಟಿದ್ದಾರೆ, ದಿನಾ ಬಳಸುತ್ತಿದ್ದೇವೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೆಂಟರ್ ಇಟ್ಟ ಮೊದಲ ಷರತ್ತೇ ನನಗೆ ಇಷ್ಟವಾಯಿತು. ಲ್ಯಾಪ್‌ಟಾಪ್ ತೆಗೆಯೋದು ಆಮೇಲೆ, ಮೊದಲು ಗಲ್ಲಾ ಪಕ್ಕ ಕೂತು ವ್ಯಾಪಾರ ನೋಡಿ ಅಂದರು. ಮಕ್ಕಳು ಕೂತರು. ಪೈಪು ಲೆಂತ್ ಲೆಕ್ಕದಲ್ಲಿ, ಅಂದರೆ ಪೂರ್ತಿ ಉದ್ದದ ಪೈಪಾಗಿ ಬರುತ್ತೆ, ಆದರೆ ಎಷ್ಟೋ ಜನ ಹತ್ತು ಅಡಿ ಸಾಕು ಅಂತ ಕಟ್ ಮಾಡಿಸಿಕೊಂಡು ಹೋಗ್ತಾರೆ. ವೈರು 90 ಮೀಟರ್ ಕಾಯಿಲ್ ಬರುತ್ತೆ, ನಾವು ಮಾರೋದು ಮೀಟರ್ ಲೆಕ್ಕದಲ್ಲಿ. ಮಕ್ಕಳು ಶುರುವಿನಲ್ಲಿ ಮಾಡಿದ ಪಟ್ಟಿಯಲ್ಲಿ 'ಎಷ್ಟು ಪೀಸ್' ಅಂತ ಒಂದೇ ಕಾಲಂ ಇತ್ತು. ಹಾಗೇ ಬಿಟ್ಟಿದ್ದರೆ ಸ್ಟಾಕು ಯಾವತ್ತೂ ತಾಳೆ ಆಗ್ತಿರಲಿಲ್ಲ. ಕೌಂಟರಿನಲ್ಲಿ ಕೂತಿದ್ದಕ್ಕೇ ಅವರಿಗೆ ಇದು ಕಣ್ಣಿಗೆ ಬಿತ್ತು. ಕೊಳ್ಳುವ ಅಳತೆ, ಮಾರುವ ಅಳತೆ ಎರಡನ್ನೂ ಬೇರೆ ಮಾಡಿದರು. ಉಳಿದ ತುಂಡು ಪೈಪಿಗೂ ಒಂದು ಜಾಗ ಕೊಟ್ಟರು.

ಸಾಲದ ಪುಸ್ತಕ ಇನ್ನೂ ಕಷ್ಟ. ನಮ್ಮ ಕಡೆ 'ಕಬ್ಬಿನ ದುಡ್ಡು ಬಂದ್ಮೇಲೆ ಕೊಡ್ತೀನಿ ಕಣಣ್ಣ' ಅಂತ ಮೋಟಾರ್ ತಗೊಂಡು ಹೋಗುವ ರೈತರೇ ಜಾಸ್ತಿ. ಬಸರಾಳಿನ ಶಿವಣ್ಣ, ದುದ್ದದ ಶಿವಣ್ಣ, ಕೆರಗೋಡಿನ ಶಿವಣ್ಣ, ಎಲ್ಲರೂ ಒಂದೇ ಪುಸ್ತಕದಲ್ಲಿ. ಹೆಸರು ಸಾಲದು ಅಂತ ಮಕ್ಕಳು ಫೋನ್ ನಂಬರನ್ನೇ ಗುರುತಾಗಿ ಇಟ್ಟರು. ಅಪ್ಪ, ಮಗ, ತಮ್ಮ ಮೂರು ಜನ ಒಂದೇ ನಂಬರ್ ಕೊಟ್ಟಿರ್ತಾರಲ್ವಾ, ಮೂರು ಸಾಲ ಒಂದಾಗಿ ಕೂತಿತು. ಮೆಂಟರ್ ತಾವೇ ಸರಿಮಾಡಿ ಕೊಡಲಿಲ್ಲ. 'ಈ ಮನುಷ್ಯ ನಾಳೆ ಸಿಮ್ ಬದಲಾಯಿಸಿದರೆ ಏನಾಗುತ್ತೆ?' ಅಂತ ಕೇಳಿ ಸುಮ್ಮನಾದರು. ಮರುದಿನ ಹುಡುಗಿಯೊಬ್ಬಳು ಪ್ರತಿಯೊಬ್ಬರಿಗೂ ಬೇರೆಯೇ ಖಾತೆ ನಂಬರ್ ಕೊಟ್ಟು, ಊರು ಮತ್ತು ಅಪ್ಪನ ಹೆಸರಿನ ಮೇಲೂ ಹುಡುಕುವ ಹಾಗೆ ಮಾಡಿಕೊಂಡು ಬಂದಳು. ಅವತ್ತು ಅವಳ ಮುಖದಲ್ಲಿದ್ದ ಖುಷಿ ನೋಡಿ ನಮ್ಮ ಅಪ್ಪಾಜಿಗೂ ಖುಷಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಹಳೇ ರೇಟ್ ಪಟ್ಟಿ ಹಳೇ ನುಡಿ ಫಾಂಟಿನಲ್ಲಿತ್ತು. ಕಾಪಿ ಮಾಡಿ ಹಾಕಿದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಮಕ್ಕಳು ಫೈಲೇ ಕೆಟ್ಟಿದೆ ಅಂದುಕೊಂಡರು. ಫೈಲ್ ಸರಿಯಾಗಿದೆ, ಒಳಗಿರೋದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತೆ ಅಂತ ಮೆಂಟರ್ ತಿಳಿಸಿ, ಯೂನಿಕೋಡಿಗೆ ಬದಲಾಯಿಸುವುದು ಹೇಗೆ ಅಂತ ತೋರಿಸಿದರು. ಕರ್ನಾಟಕದಲ್ಲಿ ಕೆಲಸ ಮಾಡುವ ಯಾವ ಎಂಜಿನಿಯರಿಗಾದರೂ ಇದು ಗೊತ್ತಿರಬೇಕು. ಕಾಲೇಜಿನ ಲ್ಯಾಬಿನಲ್ಲಿ ಇಂಥ ಫೈಲ್ ಯಾರು ಕೊಡ್ತಾರೆ?

ರೈತರ ಸಾಲದ ವಿವರ ಹೊರಗೆ ಹೋಗಬಾರದು ಅಂತ ನನಗೂ ಭಯವಿತ್ತು. ನಾನು ಹೇಳುವ ಮೊದಲೇ ಮೆಂಟರ್ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಮಾತು ತೆಗೆದರು. ಹೆಸರು, ನಂಬರ್ ಬದಲಾಯಿಸಿದ ಪ್ರತಿ ಮಾತ್ರ ಮಕ್ಕಳ ಲ್ಯಾಪ್‌ಟಾಪಿಗೆ ಹೋಯಿತು. ಅಸಲಿ ಲೆಕ್ಕ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯಿತು. ಬಿಲ್ಲಿಂಗ್ ಕೂಡ ಮಾಡಿಕೊಡಿ ಅಂತ ಕೇಳಿದ್ದಕ್ಕೆ ಬೇಡ ಅಂದರು: ಜಿಎಸ್‌ಟಿ ವಿಷಯ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲೇ ಇರಲಿ, ಕಲಿಯುವ ಮಕ್ಕಳ ಕೈಲಿ ಅದು ಬೇಡ. ಮಾಡ್ತೀವಿ ಅಂತ ಒಪ್ಪಿಕೊಂಡು ಒದ್ದಾಡಿಸುವವರಿಗಿಂತ ಇದು ಎಷ್ಟೋ ಮೇಲು.

ಈಗ ಒಂದು ಸ್ಟಾರ್ ಯಾಕೆ ಹೋಯಿತು ಅಂದರೆ, ಪರೀಕ್ಷೆ. ಸೆಮಿಸ್ಟರ್ ಪರೀಕ್ಷೆ ಬಂದ ಕೂಡಲೇ ಕೆಲಸ ಪೂರ್ತಿ ನಿಂತಿತು. ಮಕ್ಕಳು ಓದಿಕೊಳ್ಳಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರೀಕ್ಷೆ ಬರೋದು ಮೊದಲೇ ಗೊತ್ತಿರುತ್ತಲ್ಲ, ಶುರುವಿನಲ್ಲೇ ನಮಗೆ ಹೇಳಬೇಕಿತ್ತು. ಅರ್ಧ ಲೆಕ್ಕ ಪುಸ್ತಕದಲ್ಲಿ, ಅರ್ಧ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಾವು ಪಟ್ಟ ಪಾಡು ಬೇರೆ. ಮತ್ತೊಂದು, ಬಳಸುವ ವಿಧಾನವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಗಲ್ಲಾದಲ್ಲಿ ಕೂರುವ ನಮ್ಮ ಹುಡುಗ ಓದೋದು ಕನ್ನಡ. ಕೇಳಿದ ಮೇಲೆ ಕನ್ನಡದಲ್ಲಿ ಕೊಟ್ಟರು, ಅದರಲ್ಲಿ ಬ್ಯಾಕಪ್ ತೆಗೆಯುವ ಪುಟವಂತೂ ತುಂಬಾ ಚೆನ್ನಾಗಿದೆ.

ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರಿಂದ ಇದೆ, ಮೈಸೂರಿನಲ್ಲಿ ಎನ್‌ಐಇ ಎಂಜಿನಿಯರಿಂಗ್ ಕಾಲೇಜು 1946ರಿಂದ. ಇಷ್ಟು ವರ್ಷವಾದರೂ ನಮ್ಮಂಥ ಅಂಗಡಿಯವರಿಗೆ ಅಲ್ಲಿ ಹೋಗಿ 'ನಮಗೊಂದು ಕೆಲಸ ಆಗಬೇಕು' ಅಂತ ಕೇಳಬಹುದು ಅನ್ನೋದೇ ತೋಚಿರಲಿಲ್ಲ. ಆ ಕಡೆ ಕೊನೇ ವರ್ಷದ ಎಷ್ಟೋ ಮಕ್ಕಳು ರೆಡಿಮೇಡ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತಂದು, ಸುಮ್ನೆ ಒಂದು ರಿಪೋರ್ಟ್ ಬೈಂಡ್ ಮಾಡಿಸಿ ಒಪ್ಪಿಸುತ್ತಾರೆ. ಇಂಟರ್‌ವ್ಯೂನಲ್ಲಿ ಯಾರಾದರೂ 'ಇದನ್ನು ಯಾಕೆ ಹೀಗೆ ಮಾಡಿದೆ' ಅಂತ ಕೇಳಿದರೆ ಅವರು ಏನು ಹೇಳಬೇಕು? ನಮ್ಮ ಮಕ್ಕಳ ಹತ್ತಿರ ಮೂರು ಶಿವಣ್ಣಂದಿರ ಉತ್ತರ ಇದೆ.

ಅಂಗಡಿಯವರಿಗೆ ಒಂದು ಮಾತು: ಬಿಟ್ಟಿ ಸಾಫ್ಟ್‌ವೇರ್ ಸಿಗುತ್ತೆ ಅಂತ ಹೋಗಬೇಡಿ. ಬಸ್ ಚಾರ್ಜು, ಊಟ, ಕೈಗೊಂದಿಷ್ಟು ದುಡ್ಡು ಕೊಡಿ. ಅದಕ್ಕಿಂತ ಜಾಸ್ತಿ ನಿಮ್ಮ ಸಮಯ ಕೊಡಬೇಕು, ಮಕ್ಕಳ ಪ್ರಶ್ನೆಗೆ ಗಲ್ಲಾ ಬಿಟ್ಟು ಎದ್ದು ಬಂದು ಉತ್ತರ ಹೇಳಬೇಕು. ಅದು ಆಗಲ್ಲ ಅಂದರೆ ಕಂಪನಿಯವರಿಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ನಾವಂತೂ ಮುಂದಿನ ಬ್ಯಾಚಿಗೆ ರಿವೈಂಡಿಂಗ್ ಕಡೆಯ ಕೆಲಸ ಕೊಡುತ್ತಿದ್ದೇವೆ, ಯಾರ ಮೋಟಾರ್ ಯಾವಾಗ ಬಂತು, ಯಾವಾಗ ರೆಡಿ ಆಗುತ್ತೆ ಅಂತ ರೈತರ ಫೋನಿಗೆ ಕನ್ನಡದಲ್ಲೇ ಮೆಸೇಜ್ ಹೋಗಬೇಕು. ಪರೀಕ್ಷೆ ತಾರೀಕು ಈ ಸಲ ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದೇವೆ.